ಪಟಾನ್‌ಚೆರುವಿನಲ್ಲಿ ಕತ್ತಲಾಗುವುದಿಲ್ಲ

ಹೈದರಾಬಾದಿನ ಪಕ್ಕದ ಪಟಾನ್‌ಚೆರುವಿನಲ್ಲಿ ಈಗ ಹೊತ್ತು ಮುಳುಗುತ್ತದೆ, ಆದರೆ ಕತ್ತಲಾಗುವುದಿಲ್ಲ. ಹೆದ್ದಾರಿಯ ಎಲ್‌ಇಡಿ ಕಂಬಗಳು, ಕಾರ್ಖಾನೆ ಗೇಟಿನ ಫ್ಲಡ್‌ಲೈಟುಗಳು, ಅಂಗಡಿಗಳ ಬೋರ್ಡುಗಳು ಸೇರಿ ಆಕಾಶಕ್ಕೆ ಬೂದುಬೆಳಕು ಬಳಿದಿವೆ. ಇವತ್ತು ಅಮಾಸಿಯೋ ಹುಣ್ಣಿಮೆಯೋ ತಿಳಿಯಬೇಕಾದರೆ ಕ್ಯಾಲೆಂಡರ್ ನೋಡಬೇಕು.

ಬೀದರ, ಹುಮನಾಬಾದ ಕಡೆಯ ನಮ್ಮ ಜನ ಜಹೀರಾಬಾದಿನ ಮೇಲೆ ಹಾಯ್ದು ಬರುವ ಇದೇ ಸೊಲ್ಲಾಪುರ ರಸ್ತೆ ಹಿಡಿದು ದುಡಿಯಲು ಬಂದವರು. ಬರುವಾಗ ಗಂಟಿನಲ್ಲಿ ಕೌದಿ ತಂದರು. ಬೇಸಿಗೆಯಲ್ಲಿ ಮಾಳಿಗೆ ಮೇಲೆ ಮಲಗುವ ರೂಢಿಯನ್ನೂ ತಂದರು. ಕರೆಂಟು ಹೋದ ರಾತ್ರಿ ಓಣಿಗೆ ಓಣಿಯೇ ಮೇಲೆ ಹತ್ತುತ್ತಿತ್ತು. ಕನ್ನಡ, ತೆಲುಗು, ದಖನಿ ಉರ್ದು ಮಾತುಗಳು ಕತ್ತಲಲ್ಲಿ ಬೆರೆತು ಮೆಲ್ಲಗೆ ಕರಗುತ್ತಿದ್ದವು. “ಕಂದೀಲ ಸಣ್ಣ ಮಾಡವ್ವ, ಕೂಸು ಮಲಗ್ಯಾವ” ಎನ್ನುತ್ತಿದ್ದಳು ಆಯಿ. ಬೆಳ್ಳಿಚುಕ್ಕಿ ಮೂಡುವ ಹೊತ್ತಿಗೆ ಯಾರೂ ಎಬ್ಬಿಸದೆ ಎಲ್ಲರಿಗೂ ಎಚ್ಚರ.

ಆ ನಿದ್ದೆ ದಣಿವಿನಿಂದಷ್ಟೇ ಬಂದದ್ದಲ್ಲ. ನಮ್ಮ ಕಣ್ಣಿನ ಪರದೆಯಲ್ಲಿ ಮೆಲನಾಪ್ಸಿನ್ ಎಂಬ ವರ್ಣಕವಿರುವ ಕೆಲವು ಜೀವಕೋಶಗಳಿವೆ. ಹಗಲೋ ಇರುಳೋ ಎಂದು ಮಿದುಳಿಗೆ ತಿಳಿಸುವುದೇ ಅವುಗಳ ಮುಖ್ಯ ಕೆಲಸ. ನೀಲಿ ಬೆಳಕು ಅವನ್ನು ಹೆಚ್ಚು ಕೆರಳಿಸುತ್ತದೆ; ಆಗ ಇರುಳಿನ ಹಾರ್ಮೋನಾದ ಮೆಲಟೋನಿನ್ ಒಸರುವುದು ತಗ್ಗುತ್ತದೆ. ಬೆಳಕಿನ ಅಳತೆಯಲ್ಲಿ ನಡುಹಗಲ ಬಿಸಿಲು ಒಂದು ಲಕ್ಷ ಲಕ್ಸ್‌ನಷ್ಟಾದರೆ, ಹುಣ್ಣಿಮೆಯ ಬೆಳದಿಂಗಳು ಅರ್ಧ ಲಕ್ಸನ್ನೂ ಮುಟ್ಟದು. ಹೊಲದಲ್ಲಿ ಆ ಬಿಸಿಲು ಕುಡಿದು, ಇರುಳು ಕಂದೀಲಿನ ಕೆಂಬೆಳಕಲ್ಲಿ ಉಂಡು ಮಲಗಿದವರ ಮೈಗೆ ಹೊತ್ತಿನ ಲೆಕ್ಕ ತಪ್ಪುತ್ತಿರಲಿಲ್ಲ. ಈಗ ಹಗಲೆಲ್ಲ ಶೆಡ್ಡಿನ ಮಬ್ಬು, ಇರುಳೆಲ್ಲ ಟ್ಯೂಬ್‌ಲೈಟು, ಮೊಬೈಲು. ಮೈಯೊಳಗಿನ ಈ ಗಡಿಯಾರದ ಗುಟ್ಟು ಬಿಡಿಸಿದ ಮೂವರಿಗೆ 2017ರಲ್ಲಿ ನೊಬೆಲ್ ಬಂತು.

ಬೆಳೆಗಳಿಗೂ ಇಂಥದೇ ಲೆಕ್ಕವಿದೆ. 1972ರಿಂದ ಜೋಳ, ಸಜ್ಜೆ, ತೊಗರಿಗಳ ಮೇಲೆ ಕೆಲಸ ಮಾಡುತ್ತ ಬಂದ ಕೃಷಿ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್ ಇರುವುದು ಇದೇ ಪಟಾನ್‌ಚೆರುವಿನಲ್ಲಿ. ನಾಡತಳಿಯ ತೊಗರಿ, ಜೋಳಗಳಲ್ಲಿ ಎಷ್ಟೋ ಬಗೆಗಳು ಇರುಳು ಉದ್ದವಾದ ಮೇಲೆಯೇ ಹೂ ಹಿಡಿಯುತ್ತವೆ. ಬೀದರ ಸೀಮೆಯಲ್ಲೂ ಬೆಳೆಯುವ ಸೋಯಾಬೀನ್, ಬೀದಿದೀಪದ ಪಕ್ಕದಲ್ಲಿದ್ದರೆ ಮಾಗುವುದು ತಡವಾಗುತ್ತದೆ. ಗಿಡಕ್ಕೆ ಇರುಳು ಬೇಕು ಎಂದರೆ ಎಲ್ಲರೂ ಒಪ್ಪುತ್ತಾರೆ. ರಾತ್ರಿಪಾಳಿ ಮುಗಿಸಿ, ಏರು ಬಿಸಿಲಿಗೆ ಮುಖ ಕೊಟ್ಟು, ತಗಡಿನ ಕೋಣೆಗೆ ಮರಳುವ ಮನುಷ್ಯನಿಗೂ ಅದು ಬೇಕಲ್ಲವೇ? ಅವನ ಹೆಂಡತಿ ಕಿಟಕಿಗೆ ಕೌದಿ ಕಟ್ಟುತ್ತಾಳೆ, ಮಕ್ಕಳನ್ನು ಹೊರಗೆ ಕಳಿಸುತ್ತಾಳೆ. ಆದರೂ ನಿದ್ದೆ ತುಂಡುತುಂಡು. ವಾರ ಕಳೆದರೆ ಪಾಳಿ ಬದಲು. ಮೈ ಮತ್ತೆ ಮೊದಲಿನಿಂದ ಕಲಿಯಬೇಕು. ರಾತ್ರಿಪಾಳಿಯ ದುಡಿಮೆ ಬಹುಶಃ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2007ರಲ್ಲೇ ವರ್ಗೀಕರಿಸಿತು. 2019ರಲ್ಲಿ ಮತ್ತೆ ಪರಿಶೀಲಿಸಿ ಅದನ್ನೇ ಹೇಳಿತು.

ಕಂದೀಲಿನ ಕಾಲ ಮರಳಲಿ ಎಂದು ನಾನು ಕೇಳುತ್ತಿಲ್ಲ. ಅದರ ಹೊಗೆ, ಕತ್ತಲ ಚೇಳು, ಬಸವಳಿದು ಓದುವ ಮಕ್ಕಳ ಕಣ್ಣು ನನಗೆ ನೆನಪಿವೆ. ಕೆಲಸ ಮುಗಿಸಿ ಬರುವ ಹೆಣ್ಣುಮಕ್ಕಳಿಗೆ ಬೀದಿಯಲ್ಲಿ ದೀಪ ಬೇಕೇ ಬೇಕು. ಆದರೆ ಆ ದೀಪ ನೆಲ ನೋಡಲಿ, ಮಲಗಿದವರ ಕಿಟಕಿಯನ್ನಲ್ಲ. ಬಿಳಿನೀಲಿಯ ಬದಲು ಹಳದಿ ಬೆಳಕಿರಲಿ. ಕೆಲಸವಿಲ್ಲದ ಅಂಗಳದಲ್ಲಿ ಬೆಳಗಿನ ತನಕ ಫ್ಲಡ್‌ಲೈಟು ಯಾಕೆ? ಪಾಳಿಯ ಕಾರ್ಮಿಕರಿಗೆ ಮನೆ ಕಟ್ಟುವವರು ಹಗಲಲ್ಲೂ ಕತ್ತಲಾಗುವ ಒಂದು ಕೋಣೆಯನ್ನು ನಕ್ಷೆಯಲ್ಲೇ ಸೇರಿಸಲಿ. ಬಾಡಿಗೆ ಕೊಡದೆ, ಬಿಲ್ಲು ಕಟ್ಟದೆ ಬಡವನಿಗೂ ಸಿಗುತ್ತಿದ್ದ ಆಸ್ತಿ ಕತ್ತಲೊಂದೇ ಆಗಿತ್ತು. ಬೆಳಕು ಕೊಟ್ಟ ಊರು ಅದನ್ನೂ ಉಳಿಸಿಕೊಡಬೇಕು.