ಸಂತೆಯ ಮಂಡಕ್ಕಿ

ದೇಶ ಸುತ್ತಬೇಕು, ಕೋಶ ಓದಬೇಕೆಂದು ಹಿರಿಯರು ಹೇಳುವರು. ಆದರೆ ದೇಶ ಸುತ್ತುವವರು ಗುಡಿಗೋಪುರಗಳನ್ನು ನೋಡಿ ಬಂದರಷ್ಟೇ ಸಾಲದು. ಆ ನಾಡಿನ ಜನರು ಬೀದಿಯಲ್ಲಿಯೂ ಮನೆಯಲ್ಲಿಯೂ ಏನನ್ನು ಉಣ್ಣುವರೆಂಬದನ್ನೂ ಅರಿತು ಬರತಕ್ಕದ್ದು. ಈ ಮಾತನ್ನು ನಮಗೆ ಕಲಿಸಿದವಳು ನಮ್ಮ ಮನೆಯ ಅತ್ಯಂತ ಕಿರಿಯಳು. ನಾವು ಅಕ್ಕತಂಗಿಯರೀರ್ವರು, ನಮ್ಮಲ್ಲಿ ಕಿರಿಯಳ ಮಗಳು ತೈವಾನ ದ್ವೀಪದಲ್ಲಿ ಎರಡು ವರ್ಷ ವ್ಯಾಸಂಗ ಮಾಡಿ ಬಂದಳು. ಅಲ್ಲಿಯ ರಾಜಧಾನಿಯಾದ ತೈಪೆಯಲ್ಲಿ ಶಿಲಿನ್ ಎಂಬ ರಾತ್ರಿಯ ಸಂತೆಯಿರುವದಂತೆ. ಹೊತ್ತು ಮುಳುಗಿದೊಡನೆ ಬೀದಿಯೇ ಅಡಿಗೆಯ ಮನೆಯಾಗುವದು. ಹುದುಗು ಬರಿಸಿದ ಸೋಯಾ ಗಿಣ್ಣದ ನಾತಕ್ಕೆ ಹೊಸಬರು ಮೂಗು ಮುಚ್ಚಿಕೊಂಡರೂ ಅಲ್ಲಿಯವರು ಅದನ್ನು ಅಭಿಮಾನದಿಂದ ಕರಿದು ಕೊಡುವರೆಂದೂ, ಸಾಬುದಾಣಿಯಂಥ ಕರಿಯ ಗುಂಡುಗಳನ್ನು ಹಾಕಿದ ಹಾಲಿನ ಚಹ ಆ ದ್ವೀಪದಿಂದಲೇ ಜಗತ್ತಿಗೆ ಹಬ್ಬಿತೆಂದೂ ಅವಳು ವರ್ಣಿಸಿದಳು. ಕೊನೆಗೆ, “ದೊಡ್ಡವ್ವಾ, ನಿಮ್ಮೂರ ಸಂತ್ಯಾಗ ಏನ ಸಿಗ್ತದ?” ಎಂದು ಕೇಳಿದಳು. ನಾವು ಒಬ್ಬರ ಮುಖವನ್ನೊಬ್ಬರು ನೋಡಿ ಸುಮ್ಮನಾದೆವು. ಸುಮ್ಮನಾದ ಕಾರಣವನ್ನು ಮುಂದೆ ಹೇಳುವೆವು. ಆ ಪ್ರಶ್ನೆಗೆ ಉತ್ತರವನ್ನು ತೋರಿಸಲೆಂದು ಕಳೆದ ಚಳಿಗಾಲದಲ್ಲಿ ಮೂವರೂ ಕೂಡಿ ಹುಬ್ಬಳ್ಳಿಯಿಂದ ಹೊರಟೆವು.

ಮೊದಲನೆಯ ನಿಲ್ದಾಣವು ಶಿಗ್ಗಾವಿ. ಅಲ್ಲಿ ಗಿರಮಿಟ್ಟಿನ ಗಾಡಿಯ ಮುಂದೆ ನಿಂತೆವು. ಹಸಿಮೆಣಸಿನಕಾಯಿ, ಉಳ್ಳಾಗಡ್ಡಿಗಳನ್ನು ಒಗ್ಗರಣೆಯಲ್ಲಿ ಬಾಡಿಸಿ, ಹುಣಿಸೆಯ ರಸ, ಬೆಲ್ಲ, ಅರಿಶಿಣಗಳನ್ನು ಕೂಡಿಸಿ ಕುದಿಸಿದ ಮಸಾಲೆಯನ್ನು ಮಂಡಕ್ಕಿಗೆ ಕಲಸಿ, ಮೇಲೆ ಪುಠಾಣಿಯ ಹಿಟ್ಟು, ಹಸಿಯ ಉಳ್ಳಾಗಡ್ಡಿ, ಕೊತ್ತಂಬರಿ, ಸೇವುಗಳನ್ನು ಉದುರಿಸಿ ಕೊಡುವರು. ಕಲಸಿದ ಕೂಡಲೆ ತಿನ್ನಬೇಕು, ಹೊತ್ತಾದರೆ ಮೆತ್ತಗಾಗುವದು. ಜೊತೆಗೆ ಬಿಸಿಯ ಮಿರ್ಚಿಯಿಲ್ಲದಿದ್ದರೆ ಗಿರಮಿಟ್ಟು ವಿಧವೆಯಂತಿರುವದೆಂದು ಪಕ್ಕದಲ್ಲಿ ತಿನ್ನುತ್ತಿದ್ದ ಮುದುಕರೊಬ್ಬರು ನುಡಿದರು. ಹೋಲಿಕೆಯು ನಮಗೆ ಹಿಡಿಸಲಿಲ್ಲ, ಮಿರ್ಚಿಯು ಹಿಡಿಸಿತು.

ಇದೇ ತಾಲೂಕಿನ ಬಾಡವು ಕನಕದಾಸರ ಜನ್ಮಭೂಮಿ. ಅವರ ‘ರಾಮಧಾನ್ಯ ಚರಿತೆ’ಯ ಕಥೆಯನ್ನು ದಾರಿಯಲ್ಲಿ ಹುಡುಗಿಗೆ ಹೇಳಿದೆವು. ನೆಲ್ಲಿಗೂ ರಾಗಿಗೂ ತಾನು ಹೆಚ್ಚು ತಾನು ಹೆಚ್ಚೆಂದು ಜಗಳವಾಯಿತು. ರಾಮನು ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸಿದನು. ಹೊರಗೆ ತೆಗೆದಾಗ ನೆಲ್ಲು ಕಳೆಗುಂದಿತ್ತು; ಬಡವರ ಧಾನ್ಯವು ಕೆಡದೆ ಉಳಿದಿತ್ತು. ರಾಘವನು ಅದಕ್ಕೆ ತನ್ನ ಹೆಸರನ್ನೇ ಕೊಟ್ಟನು. ಕಥೆಯನ್ನು ಹೇಳುವಾಗ ನಮ್ಮ ದನಿಯು ಅಷ್ಟೊಂದು ಗಟ್ಟಿಯಾಗಿರಲಿಲ್ಲ.

ಅಲ್ಲಿಂದ ಸವಣೂರಿಗೆ ಬಂದೆವು. ೧೯೪೮ರ ವರೆಗೆ ಇದು ನವಾಬರ ಸಂಸ್ಥಾನವಾಗಿತ್ತು. ಸವಣೂರ ಖಾರವೆಂದರೆ ಈ ಸೀಮೆಯಲ್ಲಿ ಬಲ್ಲದವರಿಲ್ಲ. ಕಡಲೆಯ ಹಿಟ್ಟಿನಿಂದ ಕರಿದ ಈ ಕುರುಕು ತಿನಿಸನ್ನು ಪರಊರಿಗೆ ಹೋಗುವವರು ತಪ್ಪದೆ ಕಟ್ಟಿಸಿಕೊಳ್ಳುವರು. ಇಲ್ಲಿಯ ವೀಳ್ಯದೆಲೆಯೂ ಅಷ್ಟೇ ಹೆಸರುವಾಸಿ. ದೊಡ್ಡಹುಣಸೆಯ ಮಠದಲ್ಲಿ ಆಫ್ರಿಕಾ ಖಂಡದ ಮೂಲದ ಭಾರಿ ಮರಗಳುಂಟು. ಹಲವರು ಕೈಕೈ ಹಿಡಿದರೂ ಕಾಂಡವು ಅಪ್ಪಿಗೆಗೆ ದಕ್ಕದು. ಈ ಜಾತಿಯ ಮರದ ಹಣ್ಣಿನ ಹುಳಿದಿರುಳನ್ನು ಆಫ್ರಿಕಾದವರು ಪಾನಕಕ್ಕೆ ಬಳಸುವರು. “ಇಷ್ಟು ದೂರದ ಗಿಡ ಇಲ್ಲೀದ ಆಗೇದಲ್ಲ!” ಎಂದು ಹುಡುಗಿಯು ಬೆರಗಾದಳು. ಗಿಡವೇಕೆ, ನಮ್ಮ ಎಲೆಯಲ್ಲಿರುವ ಮೆಣಸಿನಕಾಯಿಯೂ ಶೇಂಗಾವೂ ಅಮೇರಿಕ ಖಂಡದಿಂದ ಹಡಗೇರಿ ಬಂದವುಗಳೇ. ಮೆಣಸಿನಕಾಯಿಗೆ ಈ ನೆಲವೇ ತೌರಾಗಿ, ನೆರೆಯ ಬ್ಯಾಡಗಿಯ ಹೆಸರು ಬಂದಿತು. ಬಣ್ಣ ಹೆಚ್ಚು, ಉರಿ ಕಡಿಮೆಯಾದ ಆ ಸುಕ್ಕುಗಟ್ಟಿದ ಕಾಯಿಗೆ ೨೦೧೧ರಲ್ಲಿ ಭೌಗೋಳಿಕ ಗುರುತು ದೊರೆಯಿತು. ಪರದೇಶದ ಪದಾರ್ಥವನ್ನು ನಮ್ಮದಾಗಿ ಮಾಡಿದವರು ಯಾರು? ರಾಜರಲ್ಲ, ಅಡಿಗೆಯ ಒಲೆಯ ಮುಂದೆ ಕುಳಿತ ತಾಯಂದಿರು.

ಎರಡನೆಯ ದಿನ ಹಾವೇರಿಯ ಮೇಲೆ ಹಾಯ್ದು ಹಿರೇಕೆರೂರಿಗೆ ಹೋದೆವು. ದಾರಿಯ ಇಕ್ಕೆಲಗಳಲ್ಲಿ ಮೊದಲಿನಂತೆ ಜೋಳದ ಹೊಲಗಳು ಕಾಣಿಸಲಿಲ್ಲ. ಗೋವಿನಜೋಳವು ಬಹಳ ಭೂಮಿಯನ್ನು ಆಕ್ರಮಿಸಿದೆ. ಅದರ ಬಹುಭಾಗವು ಕೋಳಿಯ ಮೇವಿಗೂ ಕಾರಖಾನೆಗೂ ಹೋಗುವದು. ಆದರೂ ಊರಿನ ಖಾನಾವಳಿಯಲ್ಲಿ ನಮಗೆ ಬಿಳಿಯ ಜೋಳದ ರೊಟ್ಟಿಯೇ ಸಿಕ್ಕಿತು. ಜೋಳದ ಹಿಟ್ಟಿಗೆ ಗೋದಿಯ ಹಿಟ್ಟಿನ ಜಿಗುಟಿಲ್ಲ. ಆದುದರಿಂದ ಕುದಿಯುವ ನೀರಿನಿಂದ ನಾದಿ, ಲಟ್ಟಣಿಗೆಯ ಹಂಗಿಲ್ಲದೆ ಕೈಯಿಂದಲೇ ಬಡಿಯುವರು. ಹಂಚಿನ ಮೇಲೆ ಹಾಕಿ, ಒದ್ದೆಯ ಅರಿವೆಯಿಂದ ನೀರು ಸವರಿ, ತಿರುವಿ, ಕೆಂಡದ ಮುಂದಿಟ್ಟರೆ ರೊಟ್ಟಿಯು ಪೂರಿಯಂತೆ ಉಬ್ಬುವದು. ಎಣ್ಣೆಗಾಯಿ, ಪುಂಡಿಯ ಪಲ್ಯ, ಗುರೆಳ್ಳಿನ ಹಿಂಡಿ, ಗಟ್ಟಿಯ ಮೊಸರು — ಇವು ಅದರ ಪರಿವಾರ. ಹುಡುಗಿಯು ಮೂರು ರೊಟ್ಟಿಗಳನ್ನು ಉಂಡಳು. “ಇನ್ನೊಂದ ಹಾಕ್ಲೇನವ್ವಾ? ಎಣಿಸಬ್ಯಾಡ, ಉಣ್ಣು” ಎಂದು ಬಡಿಸುವಾಕೆಯು ಉಪಚರಿಸಿದಳು. ಬಡಿಯುವದನ್ನು ಯಾರು ಕಲಿಸಿದರೆಂದು ಕೇಳಲು, “ಮತ್ತ್ಯಾರ್ರೀ, ನಮ್ಮವ್ವ” ಎಂದಳು. ಈ ಎರಡು ಮಾತನ್ನು ಆಕೆಯು ಎಷ್ಟು ಸುಲಭವಾಗಿ ಹೇಳಿದಳೆಂಬದೇ ಆ ರಾತ್ರಿಯೆಲ್ಲ ನಮ್ಮನ್ನು ನಿದ್ದೆಗೆಡಿಸಿತು.

ಮೂರನೆಯ ದಿನ ನಮ್ಮ ಊರಾದ ಹಾನಗಲ್ಲಿಗೆ ಬಂದೆವು. ಮಲೆನಾಡಿನ ಸೆರಗಿನಲ್ಲಿರುವ ಈ ಸೀಮೆಯಲ್ಲಿ ಜೋಳಕ್ಕಿಂತ ಭತ್ತದ ಮಾತೇ ಮುಂದು. ತಾರಕೇಶ್ವರನ ಗುಡಿಯಲ್ಲಿ ಕಲ್ಲಿನ ಕಮಲವು ಛತ್ತಿನಿಂದ ಇಳಿಬಿದ್ದಿರುವದನ್ನು ಕತ್ತೆತ್ತಿ ನೋಡಿದೆವು. ಇದೇ ಮಹಾಭಾರತದ ವಿರಾಟನಗರವೆಂದು ಜನರು ನಂಬಿರುವರು. ಪಾಂಡವರು ಅಜ್ಞಾತವಾಸದ ವರ್ಷವನ್ನು ಇಲ್ಲಿ ಕಳೆದರಂತೆ. ಭೀಮಸೇನನು ಬಲ್ಲವನೆಂಬ ಹೆಸರಿನಿಂದ ಅರಸನ ಅಡಿಗೆಯವನಾಗಿದ್ದನಂತೆ.

ಇದನ್ನು ನಾವು ಮೊದಲು ಕೇಳಿದ್ದು ಇದೇ ಗುಡಿಯ ಅಂಗಳದಲ್ಲಿ, ೧೯೭೪ನೆಯ ಇಸವಿಯಲ್ಲಿ. ಆಗ ನಾವು ಶಾಲೆಯ ವಸತಿಗೃಹದಲ್ಲಿದ್ದೆವು. ತಂದೆಯವರು ತೀರಿಕೊಂಡ ಬಳಿಕ ನಮ್ಮ ಅವ್ವ ಸಂತೆಯಲ್ಲಿ ಮಂಡಕ್ಕಿಯನ್ನು ಮಾರಿ ನಮ್ಮನ್ನು ಓದಿಸುತ್ತಿದ್ದಳು. ಭತ್ತವನ್ನು ನೆನೆಯಿಸಿ, ಬೇಯಿಸಿ, ಒಣಗಿಸಿ, ಅಕ್ಕಿ ಮಾಡಿಸಿ, ಉಪ್ಪುನೀರು ಹಚ್ಚಿ, ಕಾದ ಮರಳಿನಲ್ಲಿ ಹುರಿದರೆ ಕಾಳು ಅರಳಿ ಮಂಡಕ್ಕಿಯಾಗುವದು. ಭಟ್ಟಿಯ ಉರಿಗೆ ಅವ್ವನ ಮುಂಗೈಗಳ ಮೇಲೆ ಕರಿಯ ಕಲೆಗಳು ಬಿದ್ದಿದ್ದವು. ಗೆಳತಿಯರಿಗೆ ಮಾತ್ರ ನಾವು, ನಮ್ಮ ಮನೆಯಲ್ಲಿ ವ್ಯಾಪಾರವಿದೆಯೆಂದಷ್ಟೇ ಹೇಳಿದ್ದೆವು.

ಆ ವರ್ಷ ಶಾಲೆಯ ಪ್ರವಾಸವು ಹಾನಗಲ್ಲಿಗೇ ಬಂದಿತು. ಅಂದು ಸಂತೆಯ ದಿನ. ಗುಡಿಯನ್ನು ನೋಡಿದ ಮೇಲೆ ಹುಡುಗಿಯರೆಲ್ಲ ಸಂತೆಗೆ ನುಗ್ಗಿ ನೇರವಾಗಿ ಅವ್ವನ ಬುಟ್ಟಿಯ ಮುಂದೆ ನಿಂತರು. ಹಿಂದೆ ನಾವಿಬ್ಬರು. ಅವ್ವ ತಲೆಯೆತ್ತಿದಳು. ನಮ್ಮನ್ನು ನೋಡಿದಳು, ನಮ್ಮ ಗೆಳತಿಯರ ಬಿಳಿಯ ಸಮವಸ್ತ್ರಗಳನ್ನು ನೋಡಿದಳು, ನಾವು ಮುಖ ತಿರುಗಿಸಿದ್ದನ್ನೂ ನೋಡಿದಳು. ಮರುಗಳಿಗೆಯಲ್ಲಿಯೇ, “ಬರ್ರೆವ್ವಾ, ಎಷ್ಟರದು ಕೊಡ್ಲಿ?” ಎಂದು ಎಲ್ಲರಿಗೂ ಅಂದಂತೆಯೇ ನಮಗೂ ಅಂದಳು. ಹಡೆದವಳು ನಮಗೆ ಬಹುವಚನದಿಂದ ಮಾತಾಡಿದ್ದು ಅದೊಂದೇ ಸಲ. ನಾವು ಹತ್ತು ಹತ್ತು ಪೈಸೆ ಕೊಟ್ಟೆವು, ಅವ್ವ ತಕ್ಕೊಂಡಳು. ನಮ್ಮ ಪೊಟ್ಟಣಗಳಿಗೆ ಒಂದೊಂದು ಹಿಡಿ ಕೊಸರು ಹೆಚ್ಚಾಗಿ ಬಿದ್ದಿತು. “ನಿಮಗಷ್ಟ ಯಾಕ ಜಾಸ್ತಿ?” ಎಂದು ಗೆಳತಿಯೊಬ್ಬಳು ಕೇಳಿದಾಗ ನಾವು ನಕ್ಕೆವು.

ರಜೆಯಲ್ಲಿ ಮನೆಗೆ ಹೋದಾಗ ಅವ್ವ ಆ ಮಾತನ್ನು ಎತ್ತಲಿಲ್ಲ. ತಿರುಗಿ ಹೊರಡುವ ದಿನ ಫೀಯ ಹಣವನ್ನು ಅರಿವೆಯಲ್ಲಿ ಕಟ್ಟಿ ಕೊಟ್ಟಳು. ವಸತಿಗೃಹದಲ್ಲಿ ಬಿಚ್ಚಿ ನೋಡಲು, ಗಂಟಿನ ಮೂಲೆಯಲ್ಲಿ ಹತ್ತು ಪೈಸೆಯ ಎರಡು ನಾಣ್ಯಗಳು ಬೇರೆಯಾಗಿ ಕಟ್ಟಿಕೊಂಡಿದ್ದವು. ಪಾಂಡವರ ಅಜ್ಞಾತವಾಸವು ಒಂದು ವರ್ಷಕ್ಕೆ ಮುಗಿಯಿತು. ನಮ್ಮದು ಮುಗಿಯುವ ಮೊದಲೇ ಅವ್ವ ತೀರಿಕೊಂಡಳು. ಕ್ಷಮೆಯನ್ನು ನಾಳೆ ಕೇಳಿದರಾಯಿತೆಂದು ನಾವು ಬಹಳ ನಾಳೆಗಳನ್ನು ಕಳೆದಿದ್ದೆವು.

ಇಷ್ಟನ್ನೂ ಸಂತೆಯ ನಡುವೆ ನಿಂತು ಹುಡುಗಿಗೆ ಹೇಳಿದೆವು. ಅವಳು ಏನೂ ಅನ್ನಲಿಲ್ಲ. ಮಂಡಕ್ಕಿಯ ಬುಟ್ಟಿಯೊಂದರ ಮುಂದೆ ಕುಳಿತು, ಮಾರುವ ಮುದುಕಿಗೆ, “ನಮ್ಮಜ್ಜೀನೂ ಇಲ್ಲೇ ಮಂಡಕ್ಕಿ ಮಾರ್ತಿದ್ಲು” ಎಂದಳು. “ಹೌದ? ಹಂಗಾರ ನೀ ನಮ್ಮಾಕಿ” ಎಂದು ಆ ತಾಯಿ ಒಂದು ಹಿಡಿ ಕೊಸರು ಹಾಕಿದಳು. ನಾವು ಐವತ್ತು ವರ್ಷಗಳಲ್ಲಿ ಆಡಲಾರದ ಮಾತನ್ನು ಆ ಕೂಸು ಒಂದೇ ಉಸುರಿನಲ್ಲಿ ಆಡಿತು.

ಪ್ರಿಯ ವಿದ್ಯಾರ್ಥಿನಿಯರೇ, ನೀವು ದೂರದ ದೇಶಗಳಿಗೆ ಹೋಗುವಿರಿ. ಹೋಗಿರಿ, ಅಲ್ಲಿಯ ಬೀದಿಗಳಲ್ಲಿ ಸಂತೋಷದಿಂದ ಉಣ್ಣಿರಿ. ಆದರೆ ನಿಮ್ಮ ಊರಿನ ಸಂತೆಯಲ್ಲಿ ನಿಮ್ಮವರು ಬುಟ್ಟಿಯ ಮುಂದೆ ಕುಳಿತಿದ್ದರೆ, ಗೆಳತಿಯರ ಕೈ ಹಿಡಿದು ಅವರ ಬಳಿಗೆ ಕರೆದೊಯ್ಯಿರಿ. ಆ ಎರಡು ನಾಣ್ಯಗಳು ನಮ್ಮಲ್ಲಿ ಇನ್ನೂ ಇವೆ. ಅವುಗಳಿಂದ ಈಗ ಏನೂ ಬರುವದಿಲ್ಲ.