ಬೋರ್ಡಿನ ಮೇಲೆ ಬರೆಯದ ಸಾಲು

ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸಿದವನು. ಚಿಕ್ಕೋಡಿಯ ಹತ್ತಿರದ ಒಂದು ಹಳ್ಳಿ ಶಾಲೆಯಲ್ಲಿ ಇಪ್ಪತ್ತೇಳು ವರ್ಷ ಲಾಭ-ನಷ್ಟದ ಪಾಠ ಮಾಡಿದ್ದೇನೆ. ಇದನ್ನು ಮೊದಲೇ ಹೇಳಿಬಿಡಬೇಕು. ಮುಂದೆ ಹೇಳಲಿರುವ ದಡ್ಡತನ ಲೆಕ್ಕ ಬಾರದವನದಲ್ಲ.

2012ರ ಮೇ 23. ಪೆಟ್ರೋಲಿಗೆ ಒಂದೇ ಏಟಿಗೆ ಏಳೂವರೆ ರೂಪಾಯಿ ಏರಿಕೆ, ಮಧ್ಯರಾತ್ರಿಯಿಂದ ಜಾರಿ ಎಂದು ಟಿವಿಯವರು ಬಡಿದುಕೊಳ್ಳುತ್ತಿದ್ದರು. ಊಟದ ತಾಟು ಬಿಟ್ಟು ಸ್ಪ್ಲೆಂಡರ್ ಹತ್ತಿ ಪಂಪಿಗೆ ಓಡಿದೆ. ಪಾಳಿ ರಸ್ತೆಗೆ ಬಂದಿತ್ತು. ಎಂ-80ಗೆ ಹಾಲಿನ ಕ್ಯಾನು ಕಟ್ಟಿದವರು, ಎಕ್ಸೆಲ್ ಮೇಲಿನ ಮೇವಿನ ಹೊರೆ ಇಳಿಸದೆ ಹಾಗೇ ಬಂದವರು, ಬಾಟಲಿ ಹಿಡಿದು ನಿಂತ ಹುಡುಗರು. ಡೀಸೆಲ್ ಕಡೆ ಮಾತ್ರ ಊರೂರಿಗೆ ಮಂದಿ ತುಂಬಿಕೊಂಡು ಓಡಾಡುವ ಒಂದೇ ಒಂದು ವಡಾಪ್ ಗಾಡಿ. ಅದರ ಡ್ರೈವರ್ ತಂಬಾಕು ತಿಕ್ಕುತ್ತ ನಮ್ಮನ್ನೆಲ್ಲ ಒಮ್ಮೆ ನೋಡಿ, "ಏನ್ರೀ ಸರ, ಎರಡ ಲೀಟರ್ ಎಣ್ಣಿಗೆ ತಾಸಗಟ್ಟಲೆ ನಿಂತೀರಿ?" ಎಂದು ನಕ್ಕ. ಆ ನಗು ನನಗೆ ನಾಟಿತು.

ಆಗಿನ ಪರಿಸ್ಥಿತಿ ಹಾಗಿತ್ತು. ಪೆಟ್ರೋಲಿನ ದರವನ್ನು ಸರ್ಕಾರ 2010ರ ಜೂನ್‌ನಲ್ಲೇ ತನ್ನ ಕೈಯಿಂದ ಬಿಟ್ಟಿತ್ತು, ಡೀಸೆಲನ್ನು ಇನ್ನೂ ಹಿಡಿದುಕೊಂಡಿತ್ತು. ಅದು 80ರ ಸುತ್ತ, ಇದು 45ರ ಸುತ್ತ. ಲೀಟರಿಗೆ 35 ರೂಪಾಯಿ ಅಂತರ ಕಣ್ಣಿಗೆ ಹೊಡೆಯುತ್ತಿತ್ತು. ದೇಶದಲ್ಲಿ ಮಾರಾಟವಾಗುತ್ತಿದ್ದ ಕಾರುಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಡೀಸೆಲಿನವೇ ಆಗಿದ್ದ ಕಾಲ ಅದು.

ನಾನೂ ಒಂದು ಕಾರಿನ ಯೋಚನೆಯಲ್ಲಿದ್ದೆ. ಅಪ್ಪನ ಮೊಣಕಾಲು ತೋರಿಸಲು ಮಿರಜಿಗೆ ಹೋಗಬೇಕಿತ್ತು. ಅಂಕಲಿ, ಮಾಂಜರಿ, ಕಾಗವಾಡ ದಾಟಿ ಹೋಗುವ ಆ ದಾರಿಯಲ್ಲಿ ಬಸ್ಸು ಹತ್ತಿ ಇಳಿಯುವುದು ಅವರಿಗೆ ಆಗುತ್ತಿರಲಿಲ್ಲ. ನಾಲ್ಕೂವರೆ ಲಕ್ಷದ ಸಣ್ಣ ಪೆಟ್ರೋಲ್ ಕಾರು ನೋಡಿಟ್ಟಿದ್ದೆ. ಆ ರಾತ್ರಿಯ ನಂತರ ಅದು ಸಪ್ಪೆಯಾಗಿ ಕಂಡಿತು. ಎಂಟೂವರೆ ಲಕ್ಷದ, ಏಳು ಸೀಟಿನ, ಎತ್ತರದ ಡೀಸೆಲ್ ಗಾಡಿಯ ಕಡೆ ಮನಸ್ಸು ಹೊರಳಿತು.

ಮರುದಿನ ಡೈರಿಯ ಹಿಂಪುಟದಲ್ಲಿ ಲೆಕ್ಕ ಹಾಕಿದೆ. ಪೆಟ್ರೋಲ್ ಕಾರು ಲೀಟರಿಗೆ 16 ಕಿಲೋಮೀಟರ್ ಆವರೇಜ್ ಕೊಟ್ಟರೆ ಕಿಲೋಮೀಟರಿಗೆ 5 ರೂಪಾಯಿ. ಡೀಸೆಲ್ ಗಾಡಿ 15 ಕೊಟ್ಟರೂ 3 ರೂಪಾಯಿ. ಉಳಿತಾಯ 2 ರೂಪಾಯಿ. ತಿಂಗಳಿಗೆ 1500 ಕಿಲೋಮೀಟರ್, ಅಂದರೆ ತಿಂಗಳಿಗೆ 3000 ಉಳಿತಾಯ. ಸಾಲದ ಕಂತಿನ ಒಂದು ಪಾಲನ್ನು ಗಾಡಿ ತಾನೇ ತುಂಬುತ್ತದೆ! ಕೆಳಗೆ ಎರಡು ಗೆರೆ ಎಳೆದೆ, ಹುಡುಗರ ಉತ್ತರ ಪತ್ರಿಕೆಯಲ್ಲಿ ಎಳೆದ ಹಾಗೆ.

ಹೆಂಡತಿ ಡೈರಿ ನೋಡಿ ಒಂದೇ ಮಾತು ಕೇಳಿದಳು. "ತಿಂಗಳಿಗೆ ಸಾವಿರದೈನೂರು ಕಿಲೋಮೀಟರ್ ಎಲ್ಲಿಗೆ ಹೊಂಟೀರಿ?"

ಉತ್ತರ ಇರಲಿಲ್ಲ. ಶಾಲೆ ಮನೆಯಿಂದ ಒಂಬತ್ತು ಕಿಲೋಮೀಟರ್, ಅದಕ್ಕೆ ಬೈಕು ಇತ್ತು. 1500 ಎಂಬುದನ್ನು ನಾನು ಅಳೆದಿರಲಿಲ್ಲ, ಎಣಿಸಿರಲಿಲ್ಲ. ಬೇಕಾದ ಉತ್ತರ ಮೊದಲು ಬರೆದುಕೊಂಡು ಅದಕ್ಕೆ ಹೊಂದುವ ಅಂಕಿಯನ್ನು ಮೇಲೆ ತುರುಕಿದ್ದೆ. ಹುಡುಗರು ಹೀಗೆ ಮಾಡಿದರೆ ಕಿವಿ ಹಿಂಡುತ್ತಿದ್ದೆ. ಅದಕ್ಕಿಂತ ದೊಡ್ಡ ಮೋಸ ಬೇರೆ ಇತ್ತು. ಎರಡು ಗಾಡಿಗಳ ನಡುವಿನ ನಾಲ್ಕು ಲಕ್ಷದ ಅಂತರವನ್ನು ಆ ಹಾಳೆಯಲ್ಲಿ ಬರೆದೇ ಇರಲಿಲ್ಲ. ಮರೆತೆ ಎಂದರೆ ಸುಳ್ಳಾಗುತ್ತದೆ. ಪೆನ್ನು ಅಲ್ಲಿಗೆ ಬಂದಾಗ ಕೈ ಪಕ್ಕಕ್ಕೆ ಸರಿಯಿತು.

ಪೆಟ್ರೋಲ್ ತುಟ್ಟಿಯಾದರೆ ಜನ ಸಣ್ಣ ಗಾಡಿಗೆ ಇಳಿಯುತ್ತಾರೆ ಎಂದು ಪುಸ್ತಕ ಹೇಳುತ್ತದೆ. ನಾನು ದೊಡ್ಡದಕ್ಕೆ ಏರಿದೆ. ಏರಿದ ದರ ನನಗೆ ಹೊರೆಯಾಗಿರಲಿಲ್ಲ, ನೆಪವಾಗಿತ್ತು. ನಿಪ್ಪಾಣಿ ಹೆದ್ದಾರಿಯಲ್ಲಿ ಎತ್ತರದ ಗಾಡಿಯಲ್ಲಿ ಕೂತು ಹೋಗುವ ಆಸೆ ಮೊದಲಿನಿಂದಲೂ ಇತ್ತು. ಅದಕ್ಕೊಂದು ಗಣಿತ ಬೇಕಿತ್ತು, ಅಷ್ಟೇ.

ಇಷ್ಟಕ್ಕೇ ನಿಂತಿದ್ದರೆ ನಷ್ಟ ನನ್ನೊಬ್ಬನದೇ ಆಗುತ್ತಿತ್ತು. ಜೂನ್‌ನಲ್ಲಿ ಶಾಲೆ ಶುರುವಾದಾಗ ಸ್ಟಾಫ್ ರೂಮಿನ ಬೋರ್ಡಿನ ಮೇಲೆ ಅದೇ ಲೆಕ್ಕವನ್ನು ಸೀಮೆಸುಣ್ಣದಲ್ಲಿ ಬರೆದು ತೋರಿಸಿದೆ. ಕನ್ನಡ ಕಲಿಸುತ್ತಿದ್ದ ಗೆಳೆಯರೊಬ್ಬರು ರಾಯಬಾಗದ ಕಡೆಯವರು, ಬಸ್ಸಿನಲ್ಲೇ ಓಡಾಡುವವರು. ಬೋರ್ಡನ್ನು ಬಹಳ ಹೊತ್ತು ನೋಡಿದರು. ಎರಡು ತಿಂಗಳಲ್ಲಿ ಪಗಾರದ ಮೇಲೆ ಸಾಲ ತೆಗೆದು ಅವರೂ ಒಂದು ಡೀಸೆಲ್ ಕಾರು ತಂದರು. ಪೇಢೆ ಮೊದಲು ನನ್ನ ಕೈಗೇ ಕೊಟ್ಟರು.

2013ರ ಜನವರಿಯಲ್ಲಿ ಡೀಸೆಲಿಗೆ ತಿಂಗಳಿಗೆ 50 ಪೈಸೆಯಂತೆ ಏರಿಸುವುದು ಶುರುವಾಯಿತು. ಐವತ್ತು ಪೈಸೆ ಯಾರಿಗೆ ಕಾಣುತ್ತದೆ? 2014ರ ಅಕ್ಟೋಬರಿನಲ್ಲಿ ಡೀಸೆಲ್ ದರವನ್ನೂ ಬಿಟ್ಟುಕೊಟ್ಟರು. ಅದೇ ಹೊತ್ತಿಗೆ ಕಚ್ಚಾ ತೈಲ ಕುಸಿಯಿತು. ಆ ನವೆಂಬರಿನಿಂದ 2016ರ ಜನವರಿಯೊಳಗೆ ಕೇಂದ್ರ ಒಂಬತ್ತು ಸಲ ಅಬಕಾರಿ ಸುಂಕ ಏರಿಸಿತು, ಹೀಗಾಗಿ ಕುಸಿತದ ಬಹುಪಾಲು ನಮ್ಮ ಪಂಪಿನವರೆಗೆ ಬರಲಿಲ್ಲ. ನಾನು ನೆಚ್ಚಿಕೊಂಡಿದ್ದ 35 ರೂಪಾಯಿ ಅಂತರ ಸವೆಯುತ್ತ ಹೋಯಿತು.

ಗೆಳೆಯರು ಮಗಳ ಕಾಲೇಜು ಪ್ರವೇಶದ ಹೊತ್ತಿಗೆ ಕಾರು ಮಾರಿದರು. ಸಾಲ ಇನ್ನೂ ಬಾಕಿ ಇತ್ತು. ನನಗೆ ಒಂದು ಮಾತೂ ಅನ್ನಲಿಲ್ಲ. ಒಂದು ದಿನ ಮಾತ್ರ ಹುಡುಗನೊಬ್ಬ ಬಡ್ಡಿ ಲೆಕ್ಕ ಹಿಡಿದು ಅವರ ಹತ್ತಿರ ಬಂದಾಗ, ನಾನು ಅಲ್ಲೇ ಇದ್ದುದನ್ನು ನೋಡಿಯೂ, "ಗಣಿತದ ಸರ ಹತ್ರ ಹೋಗೋ. ಅವರ ಬೋರ್ಡಿನ ಮ್ಯಾಲ ಎಲ್ಲಾ ಬರೋಬ್ಬರಿ ಇರತೈತಿ" ಎಂದರು. ನಕ್ಕೇ ಅಂದರು. ನಾನು ಹಾಜರಿ ಪುಸ್ತಕ ತಿರುವಿದೆ.

ನನ್ನ ಗಾಡಿಯ ಕಥೆ ಬೇರೆ. ಅದು ಊರಿನ ವಡಾಪ್ ಆಯಿತು. ಚಿಂಚಲಿ ಮಾಯಕ್ಕನ ಜಾತ್ರೆಗೆ ನಮ್ಮಜ್ಜ ಎತ್ತಿನ ಚಕ್ಕಡಿ ಕಟ್ಟಿಕೊಂಡು ಹೋಗುತ್ತಿದ್ದ, ಖರ್ಚು ಎಂದರೆ ಎತ್ತಿನ ಮೇವು. ನಾನು ಏಳು ಸೀಟಿನಲ್ಲಿ ಹನ್ನೊಂದು ಜನರನ್ನು ತುಂಬಿಕೊಂಡು ಹೋದೆ. ಯಡೂರಿನ ವೀರಭದ್ರನಿಗೆ, ಉಗಾರದ ಮದುವೆಗೆ, ಅಥಣಿಯ ಸೀಮಂತಕ್ಕೆ. ಎಣ್ಣೆಯ ಮಾತು ಬಂದರೆ ಬೀಗರು "ಡೀಸೆಲ್ ಅಲ್ಲೇನ್ರಿ, ಸಸ್ತಾ ಬೀಳತೈತಿ ನಿಮಗ" ಎನ್ನುತ್ತಿದ್ದರು. ನನ್ನ ಲೆಕ್ಕವನ್ನು ನನಗೇ ಒಪ್ಪಿಸುತ್ತಿದ್ದರು. ಶಾಲೆಗೆ ಮಾತ್ರ ಅದೇ ಸ್ಪ್ಲೆಂಡರ್. ಅಷ್ಟು ಸಣ್ಣ ದಾರಿಗೆ ಅಷ್ಟು ದೊಡ್ಡ ಗಾಡಿ ತೆಗೆಯಲು ಜೀವ ಬರುತ್ತಿರಲಿಲ್ಲ.

ಪಂಪಿನ ಬೋರ್ಡಿನ ಹುಚ್ಚು ನನ್ನೊಬ್ಬನದೇ ಎನ್ನುವ ಹಾಗಿಲ್ಲ. ನಮ್ಮ ಗಡಿಯಲ್ಲಿ ಅದು ದಿನದ ಮಾತು. ಎಷ್ಟೋ ವರ್ಷ ಕರ್ನಾಟಕದ ದರ ಮಹಾರಾಷ್ಟ್ರಕ್ಕಿಂತ ಕೆಳಗೇ ಇದ್ದುದರಿಂದ ಕೊಲ್ಲಾಪುರದ ಕಡೆಯ ಗಾಡಿಗಳು ಕೊಗನೋಳಿ, ನಿಪ್ಪಾಣಿಯ ಪಂಪುಗಳಲ್ಲಿ ಟಾಕಿ ತುಂಬಿಸಿಕೊಂಡು ಹೋಗುತ್ತಿದ್ದವು. ಮಿರಜಿನಲ್ಲಿರುವ ನನ್ನ ಷಡ್ಡಕ ಮೈಸಾಳ ದಾಟಿ ಕಾಗವಾಡದವರೆಗೆ ಬಂದು ಪೆಟ್ರೋಲ್ ಹಾಕಿಸಿಕೊಳ್ಳುತ್ತಾನೆ. ಹೋಗಿಬರಲು ಸುಡುವ ಎಣ್ಣೆಯ ಲೆಕ್ಕ ಕೇಳಿದರೆ, "ಚಹಾ ಕುಡಿದಂಗೂ ಆತಲ್ಲ" ಎನ್ನುತ್ತಾನೆ. ಅವನಿಗೆ ಬುದ್ಧಿ ಹೇಳುವ ಯೋಗ್ಯತೆ ನನಗಿಲ್ಲ.

2020ರ ಮೇ ತಿಂಗಳಲ್ಲಿ ಶಾಲೆ ಮುಚ್ಚಿ ಗಾಡಿ ಅಂಗಳದಲ್ಲಿ ನಿಂತಿತ್ತು. ಇಲಿಗಳು ವೈರು ಕಡಿದಿದ್ದವು. ಆಗ ಕೇಂದ್ರ ಪೆಟ್ರೋಲಿಗೆ 10, ಡೀಸೆಲಿಗೆ 13 ರೂಪಾಯಿ ಸುಂಕ ಏರಿಸಿತು. ಜೂನ್‌ನಲ್ಲಿ ದೆಹಲಿಯಲ್ಲಿ ಡೀಸೆಲ್ ಪೆಟ್ರೋಲನ್ನೇ ದಾಟಿತು. ಅಂದು ಸಂಜೆ ಹಳೆಯ ಡೈರಿ ಹುಡುಕಿ ತೆಗೆದು, ಬಿಟ್ಟ ಸಾಲನ್ನು ಎಂಟು ವರ್ಷದ ನಂತರ ಬರೆದೆ. ಅಂತರ 4 ಲಕ್ಷ. ಕಿಲೋಮೀಟರಿಗೆ ಉಳಿತಾಯ 2. ಅಂದರೆ ಲಾಭದ ಮೊದಲ ಪೈಸೆ ಕಾಣಲು 2 ಲಕ್ಷ ಕಿಲೋಮೀಟರ್ ಓಡಬೇಕು. ಮೀಟರ್ ನೋಡಿದೆ. ತಿಂಗಳಿಗೆ ಸರಾಸರಿ 450 ಓಡಿತ್ತು. ಭಾಗಿಸಿದೆ. ಮೂವತ್ತೇಳು ವರ್ಷ! ಅದೂ 2012ರ ಅಂತರ ಕದಲದೆ ನಿಂತಿದ್ದರೆ. ವಿಮೆ, ಸರ್ವಿಸು, ಸಾಲದ ಬಡ್ಡಿ ಇದರಲ್ಲಿಲ್ಲ.

2021ರ ಜೂನ್‌ನಲ್ಲಿ ರಾಜ್ಯದಲ್ಲಿ ಪೆಟ್ರೋಲ್ ನೂರು ದಾಟಿತು. ಮುಂದಿನ ವರ್ಷ ಗಾಡಿ ಮಾರಿದೆ. ತೆಗೆದುಕೊಂಡವರು ಅಥಣಿ ತಾಲ್ಲೂಕಿನ ದ್ರಾಕ್ಷಿ ಬೆಳೆಗಾರರು. ಒಣದ್ರಾಕ್ಷಿಯ ಪೇಟೆಗೆಂದು ತಾಸಗಾಂವ್, ಸಾಂಗಲಿ ಸುತ್ತುವವರು. ಮೀಟರ್ ನೋಡಿ ಅವರ ಮುಖ ಅರಳಿತು. ಟಾಯರ್ ಒದ್ದು, ಬಾನೆಟ್ ಎತ್ತಿ, ಎಲ್ಲ ಮುಗಿದ ಮೇಲೆ ಕೇಳಿದರು. "ಇಷ್ಟ ಓಡಸಾಕ ಡೀಸೆಲ್ ಯಾಕ ತಗೊಂಡಿದ್ರಿ ಸರ?" ಅವರು ತಿಂಗಳಿಗೆ ಮೂರು ಸಾವಿರ ಓಡಿಸುತ್ತಾರೆ. ನನ್ನ ಡೈರಿಯ ಲೆಕ್ಕ ಅವರಿಗಾದರೆ ಹೆಚ್ಚುಕಡಿಮೆ ಸರಿ ಇತ್ತು.

ಈಗ ನಮ್ಮ ಅಂಗಳದಲ್ಲಿ ಕಾರಿಲ್ಲ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಂಡತಿ ಆಧಾರ್ ಕಾರ್ಡ್ ತೋರಿಸಿ ಬೆಳಗಾವಿಗೆ ಹೋಗಿಬರುತ್ತಾಳೆ. ನನ್ನ ಟಿಕೇಟು ನಾನು ತೆಗೆಯುತ್ತೇನೆ. ಸ್ಪ್ಲೆಂಡರಿಗೆ ಹಾಕಿಸುವ ಪೆಟ್ರೋಲಿನಲ್ಲಿ ಈಗ ಶೇ. 20ರಷ್ಟು ಎಥೆನಾಲ್. ನಮ್ಮ ಸುತ್ತಿನ ಕಬ್ಬೇ ಸುತ್ತಿಬಳಸಿ ಟಾಕಿಗೆ ಬರುತ್ತಿದೆ ಎಂದು ಖುಷಿ. ಆವರೇಜ್ ಕೊಂಚ ಇಳಿದಿದೆ ಎಂದು ಗೊಣಗಾಟವೂ ಇದೆ. ಪೆಟ್ರೋಲಿಗಿಂತ ಎಥೆನಾಲಿನಲ್ಲಿ ಕಸುವು ಕಡಿಮೆ.

ಕಳೆದ ದೀಪಾವಳಿಗೆ ಬಂದ ಮಗ ಕರೆಂಟಿನ ಸ್ಕೂಟರ್ ತರೋಣ ಎಂದು ಮೊಬೈಲಿನಲ್ಲಿ ಲೆಕ್ಕ ಮಾಡಿ ತೋರಿಸಿದ. ಚಂದದ ಲೆಕ್ಕ, ಬಣ್ಣದ ಗೆರೆಗಳು. ಮೂರನೆಯ ಸಾಲಿನಲ್ಲಿ ತಿಂಗಳಿಗೆ 1200 ಕಿಲೋಮೀಟರ್ ಎಂದಿತ್ತು. ಎಲ್ಲಿಂದ ಬಂತು ಎಂದು ಕೇಳಿದೆ. "ಅಂದಾಜು" ಎಂದ. ಬೇಡ ಎನ್ನಲಿಲ್ಲ, ಹೂಂ ಎನ್ನಲೂ ಇಲ್ಲ. ಅಡುಗೆ ಮನೆಯ ಕ್ಯಾಲೆಂಡರಿನಲ್ಲಿ ಪ್ರತಿ ತಿಂಗಳ ಒಂದನೇ ತಾರೀಖಿನ ಚೌಕದಲ್ಲಿ ಸ್ಪ್ಲೆಂಡರಿನ ಮೀಟರ್ ಅಂಕಿ ಬರೆಯುತ್ತಿದ್ದೇನೆ. ಎರಡು ಚೌಕ ತುಂಬಿವೆ. ಮೂರನೆಯದಕ್ಕೆ ಇನ್ನೂ ಹದಿನಾಲ್ಕು ದಿನ ಇದೆ.