ಮಂಜಿನೊಳಗಿಂದ ಬರುವ ಗಾಡಿ

ಮೂಡಬಿದಿರೆಯಲ್ಲಿ 1430ರಷ್ಟು ಹಳೆಯದಾದ ಸಾವಿರ ಕಂಬದ ಬಸದಿಯಿದೆ; ರೈಲು ಹಳಿಯಿಲ್ಲ. ಬೆಳ್ತಂಗಡಿಯಲ್ಲಿ ಮುಗಿಲಿಗೆ ತಲೆಯೊಡ್ಡಿದ ಗಡಾಯಿಕಲ್ಲಿದೆ, ಅಲ್ಲಿಯೂ ಹಳಿಯಿಲ್ಲ. ಈ ಊರುಗಳ ಛಾಯಾಚಿತ್ರಪ್ರಿಯರು ಮಂಗಳೂರು–ಹಾಸನ ಮಾರ್ಗದ ಗಾಡಿಯನ್ನು ಸೆರೆಹಿಡಿಯಬೇಕೆಂದರೆ ಧನುರ್ಮಾಸದ ನಸುಕಿನಲ್ಲೆದ್ದು ಬಂಟ್ವಾಳದ ಬಸ್ಸು ಹತ್ತಬೇಕು. ಮೂರು ಊರುಗಳಲ್ಲಿ ರೈಲಿನ ಭಾಗ್ಯವಿರುವುದು ನೇತ್ರಾವತಿಯ ದಡದ ಈ ಒಂದಕ್ಕೇ.

ಚಳಿಗಾಲದ ರೈಲು ಎಂದೊಡನೆ ಕ್ಯಾಲೆಂಡರುಗಳಲ್ಲಿ ಕಾಣುವ ಹಿಮದ ಬಯಲು ಕಣ್ಣಿಗೆ ಕಟ್ಟುತ್ತದೆ. ತುಳುನಾಡಿನ ಚಳಿಗೆ ಅಂಥ ಆಡಂಬರವಿಲ್ಲ. ಹಗಲೆಲ್ಲ ಬಿಸಿಲುಂಡ ಹೊಳೆಯ ನೀರು ಇರುಳಿನ ತಂಗಾಳಿಗಿಂತ ಬೆಚ್ಚಗಿರುತ್ತದೆ. ಅದರಿಂದೆದ್ದ ಆವಿ ತಣಿದು ಮಂಜಾಗುತ್ತದೆ. ಮೋಡವಿಲ್ಲದ, ಗಾಳಿಯಾಡದ ರಾತ್ರಿ ಕಳೆದರೆ ಹೊಳೆಯೂ ತೋಟವೂ ಬೆಳ್ಳಗಿನ ಮುಸುಕೆಳೆದುಕೊಂಡಿರುತ್ತವೆ. ಸೂರ್ಯೋದಯವಾಗುವುದು ಆರೂಮುಕ್ಕಾಲು ಗಂಟೆ ಕಳೆದ ಮೇಲೆ. ಬಿಸಿಲು ಬಲಿತಂತೆ ಮಂಜು ಕರಗುತ್ತದೆ. ಗಾಡಿ ತಡವಾದರೆ ಆ ದಿನದ ಚಿತ್ರವೂ ಕರಗಿತೆಂದೇ ಲೆಕ್ಕ!

ಬಂಟ್ವಾಳ ನಿಲ್ದಾಣವನ್ನು ಬಿಟ್ಟು ಪುತ್ತೂರಿನತ್ತ ಸಾಗುವ ಗಾಡಿ ನೇತ್ರಾವತಿಯನ್ನು ದಾಟುತ್ತದೆ. ಮೊದಲು ಕೇಳಿಸುವುದು ಸದ್ದು. ಬಳಿಕ ಎಂಜಿನ್ನಿನ ದೀಪ ಮಂಜಿನಲ್ಲಿ ಹಳದಿಯ ಬೊಟ್ಟಿನಂತೆ ಮೂಡುತ್ತದೆ. ಕಡೆಗೆ ಡಬ್ಬಿಗಳು ಒಂದೊಂದಾಗಿ ಆಕಾರ ತಳೆಯುತ್ತವೆ. ಹೊಸಬರು ಇಲ್ಲಿ ಕ್ಯಾಮರಾದ ಬೆಳಕಿನ ಲೆಕ್ಕವನ್ನು ಪೂರ್ಣವಾಗಿ ನಂಬಿ ಕೆಡುತ್ತಾರೆ. ಎದುರಿನ ಬಿಳುಪನ್ನು ಕಂಡು ಯಂತ್ರ ಬೆಳಕನ್ನು ತಗ್ಗಿಸುತ್ತದೆ. ಹಾಲಿನಂಥ ಮಂಜು ಬೂದಿಯ ಬಣ್ಣಕ್ಕೆ ತಿರುಗುತ್ತದೆ. ಒಂದು ಮಟ್ಟ ಬೆಳಕನ್ನು ಏರಿಸಿಕೊಂಡರೆ ಮಂಜು ಮಂಜಾಗಿಯೇ ಉಳಿದೀತು. ಗಾಡಿ ಬಂದ ಮೇಲೆ ಇದನ್ನೆಲ್ಲ ಯೋಚಿಸಲು ಸಮಯವಿರುವುದಿಲ್ಲ.

ಆದರೆ ಪ್ಯಾಸೆಂಜರ್ ಗಾಡಿಯ ಚಿತ್ರಕ್ಕೆ ಕಬ್ಬಿಣವೊಂದೇ ಸಾಲದು. ಎಕ್ಸ್‌ಪ್ರೆಸ್ ಗಾಡಿಗೆ ವೇಗವೇ ಶೋಭೆ. ಪ್ಯಾಸೆಂಜರಿಗೆ ಜನವೇ ಶೋಭೆ. ಕಿಟಕಿಯ ಸರಳಿಗೆ ಕೆನ್ನೆಯಾನಿಸಿದ ಮಗು, ತಲೆಗೆ ಮಫ್ಲರ್ ಸುತ್ತಿದ ಅಜ್ಜ, ಚೀಲವನ್ನು ಎದೆಗವಚಿಕೊಂಡು ಇಳಿಯುವ ತಾಯಿ. ಚಂಪಾಷಷ್ಠಿಯ ದಿನಗಳಲ್ಲಿ ಕುಕ್ಕೆಗೆ ಹೊರಟ ಭಕ್ತರೂ ಇದ್ದಾರು. ಇವರನ್ನೆಲ್ಲ ಬಿಟ್ಟು ಎಂಜಿನ್ನನ್ನಷ್ಟೇ ಹಿಡಿದು ತಂದವರ ಚಿತ್ರ, ಎಷ್ಟೇ ಚೊಕ್ಕಟವಾಗಿದ್ದರೂ, ಅರ್ಧ ಚಿತ್ರವೇ.

ಇಂಥ ಚಿತ್ರಗಳಿಗೆ ಬೆಲೆಯೇಕೆಂಬುದನ್ನು ಈ ಮಾರ್ಗದ ಕತೆಯೇ ಹೇಳುತ್ತದೆ. 1979ರಲ್ಲಿ ಮಂಗಳೂರು–ಹಾಸನ ನಡುವೆ ಪೂರ್ತಿಗೊಂಡ ಹಳಿ ಒಂದು ಮೀಟರ್ ಅಗಲದ್ದು. 1.676 ಮೀಟರಿನ ಬ್ರಾಡ್‌ಗೇಜಿಗಾಗಿ 1996ರಲ್ಲಿ ಘಟ್ಟದ ಸಂಚಾರ ನಿಂತಿತು. 2006ರಲ್ಲಿ ಸರಕಿನ ಗಾಡಿ ಬಂದಿತು. ಪ್ರಯಾಣಿಕರ ಗಾಡಿ ಮರಳಿದ್ದು 2007ರ ಡಿಸೆಂಬರಿನಲ್ಲಿ. ಹನ್ನೊಂದು ವರ್ಷವೆಂದರೆ ಒಂದನೆಯ ತರಗತಿಯ ಹುಡುಗ ಕಾಲೇಜಿನ ಮೆಟ್ಟಿಲೇರುವಷ್ಟು ಕಾಲ. ಅಷ್ಟರಲ್ಲಿ ಹಳೆಯ ಪುಟ್ಟ ಗಾಡಿ ಮರೆಯಾಗಿತ್ತು. ಅದರ ಚಿತ್ರವನ್ನು ಮನೆಯ ಆಲ್ಬಮಿನಲ್ಲಿ ಅಂಟಿಸಿಟ್ಟವರೇ ಜಾಣರು.

ಸುಬ್ರಹ್ಮಣ್ಯ ರಸ್ತೆ ನಿಲ್ದಾಣದಾಚೆ ಸಕಲೇಶಪುರದವರೆಗೆ 55 ಕಿಲೋಮೀಟರ್ ಘಟ್ಟ, 57 ಸುರಂಗಗಳು, 50 ಅಡಿ ಸಾಗಿದರೆ ಒಂದಡಿ ಏರುವ ಕಡಿದಾದ ದಾರಿ. ಚಿತ್ರದಾಸೆಗೆ ಈ ಹಳಿಯ ಮೇಲೆಯೇ ನಡೆದುಹೋಗುವ ತರುಣರಿದ್ದಾರೆ. ಸುರಂಗದ ಕತ್ತಲೆಯಲ್ಲಿ, ಕಂದಕದ ಮೇಲಿನ ಸೇತುವೆಯಲ್ಲಿ, ಪಕ್ಕಕ್ಕೆ ಸರಿಯಲು ಎಡೆಯೆಲ್ಲಿ? 1989ರ ರೈಲ್ವೆ ಕಾಯಿದೆಯಂತೆ ಅಕ್ರಮ ಪ್ರವೇಶಕ್ಕೆ ಆರು ತಿಂಗಳವರೆಗೆ ಸೆರೆವಾಸವುಂಟು. ಮಂಜಿನಲ್ಲಿ ಬರುವ ಗಾಡಿಯಾದರೋ ಕಾಯಿದೆಗಿಂತ ಕಠೋರ. ಘಟ್ಟವನ್ನು ನೋಡಲು ಟಿಕೆಟು ಕೊಂಡು ಕಿಟಕಿಯ ಬಳಿ ಕುಳಿತರೆ ಸಾಕು. 2021ರ ಜುಲೈಯಲ್ಲಿ ಇಲ್ಲಿಯ ಗಾಡಿಗೆ ಗಾಜಿನ ಮಾಡಿನ ವಿಸ್ಟಾಡೋಮ್ ಡಬ್ಬಿಗಳೂ ಬಂದವು.

ಬಂಟ್ವಾಳದಲ್ಲಾದರೆ ಅಷ್ಟು ದೂರದ ಸಾಹಸವೂ ಬೇಡ. ಹಳಿಯಿಂದ ದೂರ, ಹೊಳೆಯ ದಡದಲ್ಲಿ, ಇಬ್ಬನಿಯಿಂದ ತೊಯ್ದ ಹುಲ್ಲಿನ ಮೇಲೆ ನಿಂತರಾಯಿತು. ಗಾಡಿ ದಾಟಿದ ಮೇಲೆಯೂ ಅದರ ಸದ್ದು ಪುತ್ತೂರಿನ ದಿಕ್ಕಿನಿಂದ ಸ್ವಲ್ಪ ಹೊತ್ತು ಕೇಳುತ್ತಿರುತ್ತದೆ. ಅಂಗಳಗಳಲ್ಲಿ ಅಡಕೆ ಹರವಲು ಜನ ಆಗಷ್ಟೇ ಹೊರಬರುತ್ತಾರೆ.